ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಿಸುವ ಮುನ್ನ

ಮಕ್ಕಳ ಓದಿಗೆಂದು ಕೊಂಡ ಕಂಪ್ಯೂಟರ್ ಅನೇಕ ರೈತರ ಮನೆಗಳಲ್ಲಿ ಕ್ರಮೇಣ ಬೇಸಾಯದ ಲೆಕ್ಕದ ಪುಸ್ತಕವೂ ಆಗಿಬಿಟ್ಟಿದೆ. ಪಹಣಿಯ ಪ್ರತಿ, ಮಣ್ಣು ಪರೀಕ್ಷೆಯ ವರದಿ, ಮಂಡಿಯ ಬಿಲ್ಲು, ಕೂಲಿಯ ಲೆಕ್ಕ, ಬೆಳೆವಿಮೆಯ ಕಾಗದ ಎಲ್ಲವೂ ಅದರೊಳಗೆ ಸೇರಿರುತ್ತವೆ. ಇಂತಹ ಹಳೆಯ ಯಂತ್ರಗಳನ್ನು ನಡೆಸುವುದು ಸಾಮಾನ್ಯವಾಗಿ ವಿಂಡೋಸ್ 7 ಅಥವಾ ವಿಂಡೋಸ್ 10. ಮೈಕ್ರೋಸಾಫ್ಟ್ ಕಂಪನಿಯು ಮೊದಲನೆಯದಕ್ಕೆ 2020ರ ಜನವರಿ 14ರಂದು, ಎರಡನೆಯದಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಇದರಿಂದ ಯಂತ್ರವೇನೂ ಕೆಟ್ಟು ನಿಲ್ಲುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ದುರಸ್ತಿ ಸಿಗದೆ ಹೋಗುತ್ತದೆ. ಬ್ಯಾಂಕಿನ ವ್ಯವಹಾರವನ್ನು ಅದೇ ಯಂತ್ರದಲ್ಲಿ ಮಾಡುವವರು ಇದನ್ನು ಅಲಕ್ಷಿಸಬಾರದು.

ಹಾಗೆಂದು ಇಂದೇ ಅಂಗಡಿಗೆ ಹೊತ್ತೊಯ್ಯುವುದೂ ಬೇಡ. ಮೂರು ವರ್ಷಗಳ ಹಿಂದೆ ನಾನು ಇದೇ ಅವಸರದಲ್ಲಿ ರಾಗಿ ತಾಕುಗಳ ಎರಡು ಮುಂಗಾರಿನ ದಾಖಲೆ ಕಳೆದುಕೊಂಡೆ. ಸಿ ಡ್ರೈವ್ ಅಳಿಸಿದರೂ ಡಿ ಡ್ರೈವಿನಲ್ಲಿ ನಕಲಿದೆ ಎಂದು ನೆಚ್ಚಿದ್ದೆ. ಕೆಲಸ ಅರ್ಧವಾಗಿದ್ದಾಗ ಡಿಸ್ಕೇ ಕೆಟ್ಟಿತು. ಸಿ ಮತ್ತು ಡಿ ಎಂಬುವು ಎರಡು ಕಣಜಗಳಲ್ಲ, ಒಂದೇ ಕಣಜದ ನಡುವೆ ಇಟ್ಟ ತಡಿಕೆ ಅಷ್ಟೆ. ಹೊಲದಲ್ಲಿ ಪೆನ್ಸಿಲಿನಿಂದ ಬರೆದ ಪುಸ್ತಕಗಳಿದ್ದುದರಿಂದ ಅರ್ಧದಷ್ಟು ಅಂಕಿಗಳು ಮರಳಿ ಸಿಕ್ಕವು, ಉಳಿದವು ಹೋದವು.

ಆದ್ದರಿಂದ ನಕಲು ಬೇರೊಂದು ಸಾಧನದಲ್ಲಿರಬೇಕು. ಹೊರಗಿನಿಂದ ಜೋಡಿಸುವ ಯುಎಸ್‌ಬಿ ಹಾರ್ಡ್ ಡಿಸ್ಕ್ ಇದಕ್ಕೆ ಸೂಕ್ತ. ತೀರ ಮುಖ್ಯವಾದ ಕಾಗದಗಳ ಇನ್ನೊಂದು ನಕಲನ್ನು ಪೆನ್ ಡ್ರೈವಿನಲ್ಲಿ ಹಾಕಿ ಬೇರೆ ಮನೆಯಲ್ಲಿಡುವುದು ಒಳಿತು. ಕಳ್ಳತನ, ಸಿಡಿಲು, ಸೋರುವ ಹೆಂಚು ಇವು ಒಂದೇ ಮನೆಯ ಎರಡು ನಕಲುಗಳನ್ನೂ ತೆಗೆದುಕೊಂಡು ಹೋಗಬಲ್ಲವು. ನಕಲು ಮಾಡುವಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಈ ಮೂರನ್ನೂ ನೋಡಿ. ಜನ ಮರೆಯುವುದು ಮೂರನೆಯದನ್ನೇ. ಟ್ಯಾಲಿಯಲ್ಲಿ ಲೆಕ್ಕ ಇಡುವವರು ಅದರಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯವನ್ನು ಬಳಸಬೇಕು.

ಕನ್ನಡದಲ್ಲಿ ಬರೆದಿಡುವವರಿಗೆ ಇನ್ನೊಂದು ಎಚ್ಚರಿಕೆ. ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ, ಅಂದರೆ ಯೂನಿಕೋಡ್ ಅಲ್ಲದ ರೀತಿಯಲ್ಲಿ, ಟೈಪು ಮಾಡಿದ ಪತ್ರಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಅಳಿಸಿದವರೂ ಉಂಟು. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನೂ ನಕಲು ಮಾಡಿಕೊಂಡರೆ ಹೊಸದರಲ್ಲಿ ಹಾಕಿ ಓದಬಹುದು.

ನಕಲು ಆಯಿತೆಂದರೆ ಮುಗಿಯಲಿಲ್ಲ. ಚೀಲದಲ್ಲಿ ಬೀಜವಿದೆ ಎಂದ ಮಾತ್ರಕ್ಕೆ ಬಿತ್ತುತ್ತೇವೆಯೇ? ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಒಂದೊಂದು ಫೋಲ್ಡರಿನಿಂದ ನಾಲ್ಕಾರು ಕಡತ ತೆರೆದು ನೋಡಬೇಕು. ಹೆಸರು ಕಾಣುವುದು ಬೇರೆ, ತೆರೆಯುವುದು ಬೇರೆ.

ಇನ್ನು ಹೊಸ ವ್ಯವಸ್ಥೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸ್ಥಳ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಹಾಗೂ ಕಂಪನಿಯ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಟಿಪಿಎಂ ಇದ್ದರೂ ಕೆಲವು ಯಂತ್ರಗಳಲ್ಲಿ ನಿಲ್ಲಿಸಿರುತ್ತಾರೆ. ಬಲ್ಲವರು ಬಯಾಸ್‌ನಲ್ಲಿ ಅದನ್ನು ಚಾಲೂ ಮಾಡಿಕೊಡುತ್ತಾರೆ. ಹೊಂದದ ಯಂತ್ರಕ್ಕೆ ಅಡ್ಡದಾರಿಯಿಂದ ಹಾಕಿಕೊಡುವವರಿದ್ದಾರೆ, ನಾನು ಅದನ್ನು ಶಿಫಾರಸು ಮಾಡಲಾರೆ. ಅಂತಹ ಯಂತ್ರಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹೊಂದುತ್ತದೆ. ಪೆನ್ ಡ್ರೈವಿನಿಂದಲೇ ಅದನ್ನು ನಡೆಸಿ, ಡಿಸ್ಕನ್ನು ಮುಟ್ಟದೆ, ಪ್ರಿಂಟರ್ ಹಾಗೂ ಇಂಟರ್ನೆಟ್ ನಡೆಯುವವೇ ಎಂದು ಪರೀಕ್ಷಿಸಬಹುದು. ಟ್ಯಾಲಿ ಮಾತ್ರ ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಹಾಲಿನ ಸಂಘದ ಲೆಕ್ಕ ಬರೆಯುವವರು ಇದನ್ನು ಯೋಚಿಸಬೇಕು.

ನನಗೆ ಅತ್ಯಂತ ಸುರಕ್ಷಿತವೆನಿಸಿದ ವಿಧಾನ ಬೇರೆಯೇ. ಹಳೆಯ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟು, 240 ಅಥವಾ 256 ಜಿಬಿಯ ಹೊಸ ಎಸ್‌ಎಸ್‌ಡಿ ಕೂರಿಸಿ, ಅದರ ಮೇಲೆ ಹೊಸ ವ್ಯವಸ್ಥೆ ಹಾಕಿಸುವುದು. ಹಳೆಯ ಯಂತ್ರದ ವೇಗವೂ ಹೆಚ್ಚುತ್ತದೆ, ಏನೇ ತಪ್ಪಾದರೂ ಹಳೆಯದು ಇದ್ದ ಹಾಗೆಯೇ ಇರುತ್ತದೆ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಇದೊಂದೇ ದಾರಿ, ಅದೂ ನಕಲು ತೆಗೆದುಕೊಂಡ ಮೇಲೆ.

ಹಳೆಯದರ ಮೇಲೆಯೇ ಹಾಕುವುದಾದರೆ, ಕಡತಗಳನ್ನು ಉಳಿಸಿಕೊಳ್ಳುವ ಆಯ್ಕೆಯನ್ನು ಗಮನವಿಟ್ಟು ಓದಿ ಒತ್ತಬೇಕು. ಅಂಗಡಿಯವರು ಬಾಯಿಮಾತಿನಲ್ಲಿ ಹೇಳುವ ‘ಫಾರ್ಮ್ಯಾಟ್’ ಎಂದರೆ ಅಳಿಸುವುದು ಎಂದೇ ಅರ್ಥ. ಬಿಟ್‌ಲಾಕರ್ ಬೀಗ ಹಾಕಿದ ಯಂತ್ರವಾಗಿದ್ದರೆ ಅದರ 48 ಅಂಕಿಯ ಕೀಲಿಯನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೆಲಸಕ್ಕೆ ಕೆಲವು ಗಂಟೆಗಳೇ ಹಿಡಿಯಬಹುದು, ನಡುವೆ ಕರೆಂಟು ಹೋದರೆ ತೊಂದರೆ. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿಸಿ, ಚಾರ್ಜರನ್ನೂ ಜೋಡಿಸಿಡಿ. ಮೇಜಿನ ಕಂಪ್ಯೂಟರಿಗೆ ಯುಪಿಎಸ್ ಇರಬೇಕು. ಇಲ್ಲದಿದ್ದರೆ ಊರಿನಲ್ಲಿ ವಿದ್ಯುತ್ ನಿಲ್ಲದ ವೇಳೆ ನೋಡಿ ಆರಂಭಿಸಬೇಕು.

ವಿಂಡೋಸ್ 10ರಿಂದ 11ಕ್ಕೆ ಹೋದ ಮೇಲೆ ಹಿಂದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ಆ ದಿನಗಳಲ್ಲಿಯೇ ಪ್ರಿಂಟರ್, ಸ್ಕ್ಯಾನರ್, ಲೆಕ್ಕದ ತಂತ್ರಾಂಶ, ಕನ್ನಡದ ಕೀಲಿಮಣೆ ಎಲ್ಲವನ್ನೂ ಒಮ್ಮೆ ಬಳಸಿ ನೋಡಿ. ನಕಲಿನ ಡಿಸ್ಕನ್ನು ಮಾತ್ರ ಮುಂದಿನ ಮಾರ್ಚಿಯ ಲೆಕ್ಕ ಮುಗಿಯುವವರೆಗೆ ಅಳಿಸದೆ ಪೆಟ್ಟಿಗೆಯಲ್ಲಿಡಿ.