ಅಂಕ ಒಂದೇ, ಚಿನ್ನ ಯಾರಿಗೆ?

2002. ಗ್ರೀಸ್‌ನ ಕ್ರೀಟ್ ದ್ವೀಪ, ಹೆರಾಕ್ಲಿಯನ್ ಊರು. ಹನ್ನೆರಡು ವರ್ಷದೊಳಗಿನವರ ವಿಶ್ವ ಚೆಸ್. ಕೊನೆಯ ಸುತ್ತು ಮುಗಿದಾಗ ಇಬ್ಬರು ಹುಡುಗರ ಅಂಕ ಸಮ. ಒಬ್ಬ ರಷ್ಯಾದ ಇಯಾನ್ ನೆಪೊಮ್ನಿಯಾಚಿ, ಇನ್ನೊಬ್ಬ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್.

ಈಗ ಚಿನ್ನ ಯಾರಿಗೆ? ಇಲ್ಲಿ ಬರುತ್ತದೆ ಟೈ-ಬ್ರೇಕ್.

ಇಂಥ ಟೂರ್ನಿಗಳು ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಎಲ್ಲರೂ ಎಲ್ಲರ ಜೊತೆ ಆಡುವುದಿಲ್ಲ. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ನಿಮ್ಮಷ್ಟೇ ಅಂಕ ಇರುವವರು ಎದುರಿಗೆ ಕೂರುತ್ತಾರೆ. ಹಾಗಾಗಿ ಒಬ್ಬರಿಗೆ ಕಠಿಣ ಎದುರಾಳಿಗಳು ಸಿಗಬಹುದು, ಇನ್ನೊಬ್ಬರಿಗೆ ಸುಲಭದವರು. ಇದನ್ನು ಅಳೆಯಲು ಬಳಸುವ ಒಂದು ಲೆಕ್ಕ ಬುಖ್‌ಹೋಲ್ಟ್ಸ್: ನೀವು ಎದುರಿಸಿದ ಎಲ್ಲರ ಅಂಕಗಳನ್ನೂ ಕೂಡಿಸಿ. ಮೊತ್ತ ಹೆಚ್ಚಿದ್ದವರು ಮುಂದೆ. ಅಂದರೆ ಮೊದಲ ಸುತ್ತಿನಲ್ಲಿ ನಿಮಗೆ ಸೋತ ಹುಡುಗಿ ಆಮೇಲೆ ಗೆಲ್ಲುತ್ತಾ ಹೋದರೆ, ಲಾಭ ನಿಮಗೂ ಬರುತ್ತದೆ! ಅದಕ್ಕೇ ಕೊನೆಯ ದಿನ ಮಕ್ಕಳು ತಮ್ಮ ಆಟ ಮುಗಿಸಿ, ಬೇರೆ ಬೋರ್ಡುಗಳ ಫಲಿತಾಂಶಕ್ಕೆ ಉಸಿರು ಬಿಗಿಹಿಡಿದು ಕಾಯುವುದು. ನನಗಂತೂ ಆ ಕಾಯುವಿಕೆ ಆಟಕ್ಕಿಂತ ಕಷ್ಟ ಅನಿಸುತ್ತದೆ.

ಹೆರಾಕ್ಲಿಯನ್‌ನಲ್ಲಿ ಟೈ-ಬ್ರೇಕ್ ಒಲಿದದ್ದು ನೆಪೊಮ್ನಿಯಾಚಿಗೆ.

2021. ದುಬೈ. ವಿಶ್ವ ಚಾಂಪಿಯನ್‌ಶಿಪ್ ಪಂದ್ಯ. ಬೋರ್ಡಿನ ಎರಡೂ ಬದಿ ಅದೇ ಇಬ್ಬರು. ಆರನೇ ಆಟ 136 ನಡೆಗಳವರೆಗೆ ಎಳೆಯಿತು. ಗೆದ್ದವರು ಕಾರ್ಲ್‌ಸನ್.