ಹಿಂದಿನವರಿಗೆ ಕಾಣಬೇಕಾದ ಬೆಳಕು

ಮಗ್ರಿಬ್ ನಮಾಝ್ ಮುಗಿಸಿ ನಾವು ನರಗುಂದ ಬಿಡುವಾಗ ಪಡುವಣದಲ್ಲಿ ಇನ್ನೂ ಸ್ವಲ್ಪ ಕೆಂಪಿತ್ತು. ರೋಣ ದಾಟಿ ಗಜೇಂದ್ರಗಡ ಸೇರಬೇಕು. ಅಲ್ಲಿ ಬೇಕರಿ ಇಟ್ಟಿರುವ ಭಾವನ ಮನೆಯಲ್ಲಿ ರಾತ್ರಿ ಊಟ. ಕಾರಿನಲ್ಲಿ ಉಮ್ಮ, ಮಕ್ಕಳು ಎಲ್ಲ ಸೇರಿ ಆರು ಮಂದಿ. ಡಿಕ್ಕಿ ತುಂಬ ಊರಿನಿಂದ ತಂದ ಕುಚ್ಚಿಲಕ್ಕಿ, ತೆಂಗಿನಕಾಯಿ. ತಿರುವು ತಿರುವಿಗೂ ಅಂಗಡಿ, ಮನೆ ನೋಡಿ ಅಭ್ಯಾಸವಾದ ಕರಾವಳಿಯ ನಮಗೆ ಆ ಕಡೆಯ ರಸ್ತೆಯೇ ಬೇರೆ. ಎರಡೂ ಬದಿಗೆ ಕಪ್ಪು ಎರೆಹೊಲ, ನಡುವೆ ನೇರ ರಸ್ತೆ. ಒಮ್ಮೆ ಕತ್ತಲಾಯಿತೆಂದರೆ ನಮ್ಮ ಗಾಡಿಯ ಬೆಳಕು ಬಿಟ್ಟರೆ ಬೇರೆ ಬೆಳಕಿಲ್ಲ.

ಅರ್ಧ ದಾರಿಯಲ್ಲಿ ಹಿಂದಿನಿಂದ ಬಂದ ಬೈಕೊಂದು ಜೋರಾಗಿ ಬ್ರೇಕ್ ಹಾಕಿದ ಸದ್ದು. ಮರುಕ್ಷಣ ಅದು ಹಾರ್ನ್ ಹಾಕುತ್ತಾ ಪಕ್ಕಕ್ಕೆ ಬಂತು. ಸವಾರ ನಿಲ್ಲಿಸಿ ಅಂತ ಕೈ ಮಾಡಿದ. ಹೆದರಿಕೊಂಡೇ ಗ್ಲಾಸ್ ಇಳಿಸಿದೆವು.

"ಸಾಹೇಬ್ರ, ನಿಮ್ಮ ಗಾಡಿ ಹಿಂದ ಬಲಗಡೆ ಲೈಟ್ ಇಲ್ರೀ. ಒಂದ ಲೈಟ್ ನೋಡಿ ಬೈಕ್ ಅಂತ ತಿಳ್ಕೊಂಡು ಓವರ್‌ಟೇಕ್ ಮಾಡಾಕ ಬಂದ್ನಿ. ಇನ್ನ ಸ್ವಲ್ಪದಾಗ ನಿಮ್ಮ ಡಿಕ್ಕಿಗೇ ಹೊಡೀತಿದ್ನಿ."

ಇಳಿದು ನೋಡಿದರೆ ಅವನು ಹೇಳಿದ್ದು ನಿಜ. ಎಡಬದಿಯ ಕೆಂಪು ದೀಪ ಧೂಳು ಮೆತ್ತಿಕೊಂಡು ಮಿಣುಕುತ್ತಿತ್ತು, ಬಲಬದಿ ಪೂರ್ತಿ ಕತ್ತಲು. ಉಮ್ಮ ಒಂದೇ ಮಾತು ಹೇಳಿದರು: "ತಪ್ಪು ನಮ್ಮದು, ಜೀವ ಹೋಗ್ತಿದ್ದದ್ದು ಆ ಹುಡುಗನದ್ದು."

ಎರಡು ವಾರದ ಹಿಂದಷ್ಟೇ ಊರಿನ ಸರ್ವಿಸ್ ಸೆಂಟರ್ ಒಂದರಲ್ಲಿ ಗಾಡಿ ತೋರಿಸಿದ್ದೆವು. ಅದೇ ದೀಪ ಹತ್ತುತ್ತಿಲ್ಲ ಅಂದಾಗ ಬಲ್ಬ್ ಬದಲಿಸಿ, ಎಲ್ಲ ಲೈಟ್ ಸರಿ ಇದೆ ಎಂದು ಬಿಲ್ಲಿನಲ್ಲಿ ಬರೆದು ಕೊಟ್ಟಿದ್ದರು. ಮರುದಿನ ಗಜೇಂದ್ರಗಡದ ಮೆಕ್ಯಾನಿಕ್ ಒಬ್ಬರು ದೀಪದ ಡಬ್ಬಿ ಬಿಚ್ಚಿ ತೋರಿಸಿದರು. "ಬಲ್ಬ್ ಚೊಲೊ ಐತ್ರೀ. ಅರ್ಥಿಂಗ್ ಹಿಡದಿಲ್ಲ. ಕೆಎ 19 ಗಾಡಿ ಅಲ್ರೀ, ಸಮುದ್ರದ ಗಾಳಿ ಬಡದೈತಿ." ಹೋಲ್ಡರಿನ ಲೋಹಕ್ಕೆ ಹಸಿರು ಕಿಲುಬು ಹಿಡಿದಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಅರ್ಥ್ ವಯರ್ ಬಿಗಿದು ಕೂರಿಸಿದರು. ದೀಪ ಹತ್ತಿತು. ಕಾಲು ಗಂಟೆಯ ಕೆಲಸ.

ಊಟಕ್ಕೆ ಕೂತಾಗ ಇದೇ ಮಾತು. ಆಗ ಗೊತ್ತಾದದ್ದು, ಗಾಡಿ ಇರುವ ಪ್ರತಿ ಮನೆಯಲ್ಲೂ ಇಂಥದ್ದೊಂದು ಕತೆ ಇದೆ.

ಭಾವ ತನ್ನ ಕಾರಿಗೆ ಹೆಚ್ಚು ಬೆಳಕಿನ ಎಲ್‌ಇಡಿ ಬಲ್ಬ್ ಹಾಕಿಸಿದ್ದರಂತೆ. ಅವರಿಗೆ ರಸ್ತೆ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು. ಆದರೆ ಎದುರು ಬರುವವರೆಲ್ಲ ಡಿಮ್ ಡಿಪ್ ಮಾಡಿ ಬೈಯುತ್ತಿದ್ದರು. ಒಂದು ರಾತ್ರಿ ಎದುರಿಗೆ ಬಂದ ಟ್ರ್ಯಾಕ್ಟರ್ ದಾರಿ ಕಾಣದೆ ಹೊಲಕ್ಕಿಳಿಯಿತು. ಟ್ರೇಲರಿನ ಮೇಲೆ ಕೂಲಿ ಹೆಂಗಸರು ಕೂತಿದ್ದರು. ಅಲ್ಲಾಹನ ದಯೆ, ಯಾರಿಗೂ ಏನೂ ಆಗಲಿಲ್ಲ. ಮರುದಿನವೇ ಬಲ್ಬ್ ಕಿತ್ತು ಹಾಕಿಸಿದರು. ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಡೂಮಿನೊಳಗೆ ಎಲ್‌ಇಡಿ ತುರುಕಿದರೆ ಬೆಳಕು ಬೀಳಬೇಕಾದ ಕಡೆ ಬೀಳದೆ ಚದುರಿ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ. 60/55 ವಾಟ್ ಇರಬೇಕಾದ ಕಡೆ 100/90 ಹಾಕಿಸುವವರೂ ಇದ್ದಾರೆ. ಆ ಕಾವಿಗೆ ಹೋಲ್ಡರ್ ಕರಗುತ್ತದೆ, ವಯರ್ ಸುಡುತ್ತದೆ.

ನರಗುಂದದ ಸಂಬಂಧಿಕರ ಸೊಸೆ ಟೀಚರ್, ತಾನೇ ಕಾರು ಓಡಿಸಿಕೊಂಡು ಶಾಲೆಗೆ ಹೋಗುವವಳು. ಅವಳ ಗಾಡಿಯ ಬ್ಯಾಟರಿ ಮೂರು ಸಲ ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಬ್ಯಾಟರಿ ಬದಲಿಸಿದ್ದೂ ಆಯಿತು. ಕೊನೆಗೆ ಪಕ್ಕದ ಮನೆಯ ಅಜ್ಜ, "ರಾತ್ರಿಯೆಲ್ಲಾ ನಿಮ್ಮ ಗಾಡಿ ಕೆಂಪು ಲೈಟ್ ಹತ್ತೇ ಇರ್ತೈತಲ್ಲವಾ" ಅಂದಾಗ ತಿಳಿಯಿತು: ಪೆಡಲಿನ ಹತ್ತಿರದ ಬ್ರೇಕ್ ಸ್ವಿಚ್ ಅಂಟಿಕೊಂಡಿದೆ. ಅಷ್ಟು ದಿನ ಅವಳು ಬ್ರೇಕ್ ಹಾಕಿದರೂ ಹಾಕದಿದ್ದರೂ ಹಿಂದಿನವರಿಗೆ ಒಂದೇ ತರ ಕಂಡಿರಬೇಕು.

ಈ ಮೂರು ಕತೆಯಲ್ಲೂ ಒಂದು ಮಾತು ಸಮಾನ. ದೋಷ ಗಾಡಿ ಓಡಿಸುವವರಿಗೆ ಕಾಣಲಿಲ್ಲ, ಬೇರೆಯವರಿಗೆ ಕಂಡಿತು. ಎದುರಿನ ರಸ್ತೆ ಕಾಣದಿದ್ದರೆ ನಾವು ಆವತ್ತೇ ಗ್ಯಾರೇಜಿಗೆ ಓಡುತ್ತೇವೆ. ಹಿಂದಿನ ದೀಪ ಹೋದರೆ ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಹೊಸ ಕಾರುಗಳಲ್ಲಂತೂ ಹಗಲಲ್ಲೂ ಉರಿಯುವ ಮುಂದಿನ ದೀಪ ಇರುತ್ತದೆ, ಡ್ಯಾಶ್‌ಬೋರ್ಡೂ ಬೆಳಗುತ್ತಿರುತ್ತದೆ. ಲೈಟ್ ಹಾಕಿದ್ದೇವೆ ಅಂತಲೇ ಅಂದುಕೊಂಡು ಹೋಗುತ್ತಿರುತ್ತೇವೆ. ಸ್ವಿಚ್ ತಿರುಗಿಸದೆ ಹಿಂದಿನ ಕೆಂಪು ದೀಪ ಹತ್ತದ ಗಾಡಿಗಳೇ ಬಹಳ.

ಏಳು ಸೆಕೆಂಡಿನ ಲೆಕ್ಕ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೂರ್ಯ ಮುಳುಗಿ ಅರ್ಧ ಗಂಟೆಯ ನಂತರ ದೀಪ ಹಾಕಲೇಬೇಕು. ಅಂದರೆ ಮಗ್ರಿಬ್ ಮುಗಿದು ಇಶಾಕ್ಕೆ ಕಾಯುವ ಹೊತ್ತು. ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವವನು ಸೆಕೆಂಡಿಗೆ ಸುಮಾರು 22 ಮೀಟರ್ ದಾಟುತ್ತಾನೆ. 155 ಮೀಟರ್ ಅಂದರೆ ಅವನ ಕೈಯಲ್ಲಿ ಏಳು ಸೆಕೆಂಡ್. ಮುಂದಿನ ಗಾಡಿಯ ದೀಪ ಸತ್ತಿದ್ದರೆ, ತನ್ನ ಡಿಮ್ ಲೈಟಿನಲ್ಲಿ ಅದು ಕಾಣುವಾಗ ಉಳಿದಿರುವುದು ಎರಡೋ ಮೂರೋ ಸೆಕೆಂಡ್.

2024ರ ಜೂನ್ 28ರ ನಸುಕಿನಲ್ಲಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಹಿಂದಿನಿಂದ ಬಡಿದು 13 ಮಂದಿ ತೀರಿಹೋದರು. ಯಾತ್ರೆ ಮುಗಿಸಿ ಊರಿಗೆ ಮರಳುತ್ತಿದ್ದ ಶಿವಮೊಗ್ಗ ಜಿಲ್ಲೆಯ ಜನ. ಒಂದು ಅಪಘಾತಕ್ಕೆ ಕಾರಣ ಹಲವು ಇರಬಹುದು. ಆದರೆ ಮುಂದಿರುವ ಗಾಡಿ ದೂರದಿಂದಲೇ ಕಾಣಬೇಕೆಂಬುದು ಎಷ್ಟು ದೊಡ್ಡ ಮಾತೆಂದು ಅಂಥ ಸುದ್ದಿ ಓದಿದಾಗ ಅರ್ಥವಾಗುತ್ತದೆ.

ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ 2024ರ ಜುಲೈಯಿಂದ ರಾಜ್ಯದ ಪೊಲೀಸರು ಕೇಸು ಹಾಕತೊಡಗಿದರು. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಮೊದಲ ಸಲ 500, ಮತ್ತೆ ಸಿಕ್ಕಿಬಿದ್ದರೆ 1,500 ರೂಪಾಯಿವರೆಗೆ ದಂಡ. ದಂಡದ ಹೆದರಿಕೆ ಬೇರೆ, ನಮ್ಮಿಂದ ಇನ್ನೊಬ್ಬನ ಮನೆ ಕತ್ತಲಾಗಬಾರದೆಂಬ ಹೆದರಿಕೆ ಬೇರೆ.

ಹೊರಡುವ ಮುಂಚೆ

ಮದುವೆಗೋ ಅಂಗಡಿ ಕೆಲಸಕ್ಕೋ ಘಟ್ಟ ಹತ್ತುವ ಮನೆಯವರು ಇಷ್ಟು ಮಾಡಬಹುದು. ರಾತ್ರಿ ಗಾಡಿಯ ಹಿಂಬದಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಲೈಟ್ ಹಾಕಿ. ಕನ್ನಡಿಯಲ್ಲಿ ನೋಡಿದರೆ ಗೋಡೆಯ ಮೇಲೆ ಕೆಂಪು ಎರಡೂ ಕಡೆ ಒಂದೇ ತರ ಬೀಳಬೇಕು. ಬ್ರೇಕ್ ಒತ್ತಿದಾಗ ಹೆಚ್ಚಬೇಕು. ಇಂಡಿಕೇಟರ್ ಹಾಕಿದಾಗ ಟೇಲ್ ಲೈಟೂ ಮಿಣುಕಿದರೆ ಅರ್ಥಿಂಗ್ ನೋಡಿಸಿ. ಇಂಡಿಕೇಟರಿನ ಟಿಕ್ ಟಿಕ್ ವೇಗವಾದರೆ ಒಂದು ಬಲ್ಬ್ ಹೋಗಿದೆ ಎಂದರ್ಥ. ಮಳೆಗಾಲ ಕಳೆದ ಮೇಲೆ ದೀಪದ ಗಾಜಿನೊಳಗೆ ನೀರಿನ ಹನಿ ಇದೆಯೇ ನೋಡಿ, ಕಿಲುಬು ಶುರುವಾಗುವುದೇ ಅಲ್ಲಿ. ಡಿಕ್ಕಿ ತುಂಬಿದರೆ ಗಾಡಿಯ ಹಿಂಭಾಗ ಕುಸಿದು ಹೆಡ್‌ಲೈಟ್ ಮೇಲಕ್ಕೆ ಹೊಡೆಯುತ್ತದೆ. ಬಹಳ ಕಾರುಗಳಲ್ಲಿ ಸ್ಟೇರಿಂಗ್ ಪಕ್ಕ 0ಯಿಂದ 3ರವರೆಗೆ ಅಂಕಿ ಇರುವ ಸಣ್ಣ ಚಕ್ರ ಇರುವುದು ಆ ಬೆಳಕನ್ನು ತಗ್ಗಿಸಲಿಕ್ಕೇ. ಎರೆಮಣ್ಣಿನ ನಾಡಿಗೆ ಹೋದರೆ ಚಹಾಕ್ಕೆ ನಿಲ್ಲಿಸಿದಾಗ ಹಿಂದಿನ ದೀಪಕ್ಕೆ ಒದ್ದೆ ಬಟ್ಟೆ ಎಳೆಯಿರಿ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ದಾರಿಯಲ್ಲಿ ಬೇರೆ ಗಾಡಿಯ ದೀಪ ಸತ್ತದ್ದು ಕಂಡರೆ, ಜೋಪಾನವಾಗಿ ಹತ್ತಿರ ಹೋಗಿ ಹೇಳಿಬಿಡಿ. ದಾರಿಯಲ್ಲಿ ತೊಂದರೆ ಕೊಡುವುದನ್ನು ಸರಿಸುವುದು ಈಮಾನಿನ ಭಾಗವೆಂದು ಮದ್ರಸದಲ್ಲಿ ಕಲಿತವರು ನಾವು. ಕಲ್ಲು ಮುಳ್ಳು ಮಾತ್ರವಲ್ಲ, ಸತ್ತ ದೀಪವೂ ಅಂಥದ್ದೇ.

ಆ ರಾತ್ರಿ ಬೈಕಿನ ಹುಡುಗ ಅಷ್ಟು ಹೇಳಿ ಹೊರಟು ಹೋಗಲಿಲ್ಲ. "ರೋಣದ ತನಕ ನಾನ ಹಿಂದ ಬರ್ತೀನ್ರೀ, ನೀವು ಸಾವಕಾಶ ನಡೀರಿ" ಅಂದ. ಅವನ ಹೆಸರು ಕೇಳುವುದು ನಮಗೆ ಮರೆತೇ ಹೋಯಿತು. ಉಮ್ಮ ಈಗಲೂ ದುಆದಲ್ಲಿ ಅವನನ್ನು ಸೇರಿಸುತ್ತಾರೆ.