ಸಾರ್ಜೆಂಟರಿಗೆ ಹತ್ತು ದಿನದ ಮನಸ್ಸಿನ ಪಾಠ

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 2009ರಿಂದ ಬೇರೆಯೇ ಬಗೆಯ ವಿದ್ಯಾರ್ಥಿಗಳು ಕಾಣಿಸಿಕೊಳ್ಳತೊಡಗಿದರು. ಅವರು ಅಮೆರಿಕ ಸೇನೆಯ ಸಾರ್ಜೆಂಟರು. ಎಷ್ಟೋ ಮಂದಿ ಇರಾಕ್, ಅಫ್ಘಾನಿಸ್ತಾನಗಳಿಗೆ ಹೋಗಿ ಬಂದವರು. ಅವರ ಮುಂದೆ ಇಟ್ಟ ಪಾಠಗಳು ಮಾತ್ರ ಶಾಲಾಮಕ್ಕಳನ್ನು ಖಿನ್ನತೆಯಿಂದ ಕಾಪಾಡಲೆಂದು ಅಲ್ಲಿನ ಮನಃಶಾಸ್ತ್ರಜ್ಞರು ರೂಪಿಸಿದ್ದ ಪಠ್ಯದಿಂದ ಹುಟ್ಟಿದವು. ಹತ್ತು ದಿನ ಕಲಿತು, ತಮ್ಮ ತುಕಡಿಗೆ ಮರಳಿ, ಕೈಕೆಳಗಿನ ಸಿಪಾಯಿಗಳಿಗೆ ಅವರೇ ಇದನ್ನು ಕಲಿಸಬೇಕು. ‘ಮಾಸ್ಟರ್ ರೆಸಿಲಿಯೆನ್ಸ್ ಟ್ರೈನಿಂಗ್’ ಎಂಬ ಈ ಕೋರ್ಸಿನ ಹಿಂದಿದ್ದವರು ಮಾರ್ಟಿನ್ ಸೆಲಿಗ್ಮನ್ ಮತ್ತು ಕ್ಯಾರೆನ್ ರೀವಿಚ್.

ಸೆಲಿಗ್ಮನ್ ಹೆಸರು ಮಾಡಿದ್ದು 1960ರ ದಶಕದ ನಾಯಿಗಳ ಪ್ರಯೋಗದಿಂದ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ತಿಂದ ನಾಯಿಗಳು, ಮುಂದೆ ದಾರಿ ತೆರೆದಿದ್ದರೂ ಓಡಿಹೋಗದೆ ಬಿದ್ದಲ್ಲೇ ಬಿದ್ದಿರುತ್ತಿದ್ದವು. ಆದರೆ ಹೆಚ್ಚುಕಡಿಮೆ ಮೂರರಲ್ಲೊಂದು ನಾಯಿ ಹಾಗೆ ಕೈಚೆಲ್ಲಲಿಲ್ಲ. ಯಾಕೆ ಎಂಬ ಪ್ರಶ್ನೆಯ ಬೆನ್ನುಹತ್ತಿ ಅವರು ಆಶಾವಾದದ ಅಧ್ಯಯನಕ್ಕೆ ಬಂದರು. ಇತ್ತ ಎರಡು ಯುದ್ಧಗಳು ಮುಗಿಯುವ ಲಕ್ಷಣವಿಲ್ಲದೆ, ಸೈನಿಕರ ಆತ್ಮಹತ್ಯೆಗಳು ಏರುತ್ತಿದ್ದಾಗ ಸೇನಾ ಮುಖ್ಯಸ್ಥ ಜನರಲ್ ಜಾರ್ಜ್ ಕೇಸಿ ಸೆಲಿಗ್ಮನ್‌ರನ್ನು ಕರೆಸಿಕೊಂಡರು. ಕುಸಿದ ಮೇಲೆ ಚಿಕಿತ್ಸೆ ಕೊಡುವ ಬದಲು, ದೇಹಕ್ಕೆ ಕವಾಯತು ಕೊಡುವಂತೆ ಮನಸ್ಸಿಗೂ ಮೊದಲೇ ಕೊಟ್ಟರೆ ಹೇಗೆ ಎಂಬುದು ಕೇಸಿಯವರ ಯೋಚನೆ. ಸುಮಾರು 11 ಲಕ್ಷ ಮಂದಿಯ ಸೇನೆಗೆ ಇದನ್ನು ಹಬ್ಬಿಸುವ ಹೊಣೆ ಬ್ರಿಗೇಡಿಯರ್ ಜನರಲ್ ರೋಂಡಾ ಕಾರ್ನಮ್ ಅವರದಾಯಿತು. ವೃತ್ತಿಯಿಂದ ವೈದ್ಯೆ. 1991ರ ಕೊಲ್ಲಿ ಯುದ್ಧದಲ್ಲಿ ಅವರಿದ್ದ ಹೆಲಿಕಾಪ್ಟರನ್ನು ಇರಾಕಿಗಳು ಹೊಡೆದುರುಳಿಸಿದಾಗ ಎಂಟು ಜನರಲ್ಲಿ ಐವರು ಸತ್ತರು. ಎರಡೂ ತೋಳು ಮುರಿದು, ಭುಜಕ್ಕೆ ಗುಂಡು ಹೊಕ್ಕ ಸ್ಥಿತಿಯಲ್ಲಿ ಕಾರ್ನಮ್ ಸೆರೆಸಿಕ್ಕಿ, ಬದುಕಿ ಬಂದವರು. ಅವರು ಹೇಳಿದ್ದನ್ನು ಪುಸ್ತಕದ ಮಾತು ಎಂದು ಸಾರ್ಜೆಂಟರು ತಳ್ಳಿಹಾಕುವಂತಿರಲಿಲ್ಲ.

ತರಗತಿಯಲ್ಲಿ ನಡೆಯುವುದೇನು? ಒಂದು ಅಭ್ಯಾಸ ಹೀಗಿದೆ. ಸಿಪಾಯಿಯೊಬ್ಬ ಬಂದು, “ಸಾರ್ಜೆಂಟ್, ನನ್ನ ಹೆಂಡತಿಗೆ ಒಳ್ಳೆ ಕೆಲಸ ಸಿಕ್ತು” ಎನ್ನುತ್ತಾನೆ ಎಂದಿಟ್ಟುಕೊಳ್ಳಿ. “ಒಳ್ಳೇದಾಯ್ತು” ಎಂದು ಕಾಗದಪತ್ರದಿಂದ ತಲೆಯೆತ್ತದೇ ಹೇಳಬಹುದು. “ಹಾಗಾದ್ರೆ ಮಗೂನ ನೋಡ್ಕೊಳ್ಳೋರು ಯಾರು?” ಎಂದು ತಣ್ಣೀರೆರಚಬಹುದು. “ಅದಿರ್ಲಿ, ನಿನ್ನೆ ನಮ್ಮನೇಲಿ ಏನಾಯ್ತು ಗೊತ್ತಾ” ಎಂದು ತನ್ನ ಕಥೆ ಶುರುಮಾಡಬಹುದು. ಇಲ್ಲವೇ, “ಹೌದಾ! ಯಾವಾಗ ಸೇರ್ತಾರೆ? ಸುದ್ದಿ ಹೇಳುವಾಗ ಹೇಗಿತ್ತು ಅವರ ದನಿ?” ಎಂದು ಅವನ ಸಂತೋಷದಲ್ಲಿ ಪಾಲ್ಗೊಳ್ಳಬಹುದು. ದಂಪತಿಗಳ ಮಾತುಕತೆಯನ್ನು ಅಧ್ಯಯನ ಮಾಡಿದ ಶೆಲ್ಲಿ ಗೇಬಲ್ ಗುರುತಿಸಿದ ನಾಲ್ಕು ಬಗೆಗಳಿವು. ನಾಲ್ಕನೆಯದು ಮಾತ್ರ ಸಂಬಂಧವನ್ನು ಗಟ್ಟಿಮಾಡುತ್ತದೆ. ಕಷ್ಟ ಹೇಳಿಕೊಂಡಾಗ ಜೊತೆಗೆ ನಿಲ್ಲುವುದು ಎಲ್ಲರಿಗೂ ಗೊತ್ತು. ಸುಖ ಹೇಳಿಕೊಂಡಾಗ ಕಿವಿಗೊಡುವುದನ್ನೂ ಕಲಿಸಬೇಕಾಗುತ್ತದೆ ಎಂಬುದು ನನಗೆ ಈ ಇಡೀ ಪಠ್ಯದಲ್ಲೇ ಹೆಚ್ಚು ಹಿಡಿಸಿದ ಭಾಗ. ಕೊಡಗಿನಲ್ಲೋ ಬೆಳಗಾವಿಯಲ್ಲೋ ನಿವೃತ್ತ ಸುಬೇದಾರರೊಬ್ಬರಿಗೆ ಇದನ್ನು ಹೇಳಿದರೆ, ಇದಕ್ಕೂ ಕೋರ್ಸು ಬೇಕಾ ಎಂದು ನಕ್ಕಾರು. ಆದರೆ ಒಳ್ಳೆಯ ಸುಬೇದಾರನಿಗೆ ತಾನಾಗಿ ಬಂದದ್ದು ಎಲ್ಲ ಸುಬೇದಾರರಿಗೂ ಬಂದಿರುವುದಿಲ್ಲವಲ್ಲ.

ಇನ್ನೊಂದು ಪಾಠ, ಓಡುವ ಮನಸ್ಸಿಗೆ ಲಗಾಮು ಹಾಕುವುದು. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ. ಏನೋ ಅನಾಹುತವಾಗಿದೆ, ಅವಳು ಬಿಟ್ಟುಹೋಗಿದ್ದಾಳೆ, ನನ್ನ ಸಂಸಾರ ಮುಗಿಯಿತು ಎಂದು ಗಡಿಠಾಣೆಯ ಕತ್ತಲಲ್ಲಿ ಯೋಚನೆ ಬೆಳೆಯುತ್ತದೆ. ಮೊದಲು ಅತಿ ಕೆಟ್ಟದ್ದನ್ನು ಬರೆಯಿಸುತ್ತಾರೆ, ಆಮೇಲೆ ಅಷ್ಟೇ ಅಸಂಭವವಾದ ಅತಿ ಒಳ್ಳೆಯದನ್ನು, ಕೊನೆಗೆ ಬಹುಶಃ ನಡೆದಿರಬಹುದಾದದ್ದನ್ನು: ಅವಳು ಮಲಗಿರಬೇಕು. ಆಮೇಲೆ, ಈಗ ಮಾಡಬೇಕಾದ್ದೇನು ಎಂಬ ಯೋಜನೆ. ದಿನಕ್ಕೆ ಮೂರು ಒಳ್ಳೆಯ ಸಂಗತಿಗಳನ್ನು ಬರೆದಿಡುವ ಅಭ್ಯಾಸವೂ ಇದೆ. ಅದು ನನಗೇನೂ ಅಷ್ಟು ಬೆರಗು ಹುಟ್ಟಿಸಲಿಲ್ಲ.

ಟೀಕೆಗಳು ಬಲವಾಗಿಯೇ ಬಂದವು. ಟೆಂಡರ್ ಕರೆಯದೆ 2010ರಲ್ಲಿ ವಿಶ್ವವಿದ್ಯಾಲಯಕ್ಕೆ 3.1 ಕೋಟಿ ಡಾಲರಿನ ಗುತ್ತಿಗೆ ಕೊಟ್ಟದ್ದು ಒಂದು. ಶಾಲಾಮಕ್ಕಳ ಪಠ್ಯವನ್ನು ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸದೆ ಇಡೀ ಸೇನೆಗೆ ಕಡ್ಡಾಯ ಮಾಡಿದ್ದು ಇನ್ನೊಂದು. ರಾಯ್ ಐಡೆಲ್ಸನ್ ಮತ್ತಿತರ ಮನಃಶಾಸ್ತ್ರಜ್ಞರು 2011ರಲ್ಲಿ ಎತ್ತಿದ ಆಕ್ಷೇಪ ಇನ್ನೂ ಆಳದ್ದು: ಯುದ್ಧವೇ ಮನಸ್ಸನ್ನು ಒಡೆಯುತ್ತಿರುವಾಗ, ಒಡೆಯದಿರುವ ಹೊಣೆಯನ್ನು ಸಿಪಾಯಿಯ ತಲೆಗೇ ಕಟ್ಟುವುದು ಸರಿಯೇ? ಈ ಪ್ರಶ್ನೆಗೆ ಸೇನೆಯಿಂದ ತೃಪ್ತಿಕರ ಉತ್ತರ ಬಂದಿದೆ ಎಂದು ನನಗನ್ನಿಸುವುದಿಲ್ಲ. ಇಂಥ ಕಾರ್ಯಕ್ರಮಗಳಿಂದ ಮಾನಸಿಕ ಕಾಯಿಲೆಗಳು ತಪ್ಪುತ್ತವೆ ಎನ್ನಲು ಪುರಾವೆ ಸಾಲದು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೂಡ 2014ರಲ್ಲಿ ಹೇಳಿತು.

ಸೇನೆ ತಾನೇ ಮಾಡಿಸಿದ ಮೌಲ್ಯಮಾಪನ ಪ್ರಯೋಜನವಿದೆ ಎಂದಿತು, ಆದರೆ ಪರಿಣಾಮ ಸಣ್ಣದು. ಅದರಲ್ಲೊಂದು ಸೂಕ್ಷ್ಮವಿತ್ತು. ಕಮಾಂಡರ್ ತರಬೇತಿಗೆ ಸರಿಯಾದ ಸಮಯ ಮೀಸಲಿಟ್ಟು, ಆತ್ಮವಿಶ್ವಾಸವುಳ್ಳವರನ್ನು ಆರಿಸಿ ಕಳಿಸಿದ ಕಡೆ ಫಲ ಹೆಚ್ಚು. ಇರಾಕಿಗೆ 2003ರಿಂದ ಸೇನೆ ಕಳಿಸುತ್ತಿದ್ದ ಮಾನಸಿಕ ಆರೋಗ್ಯ ತಂಡಗಳಿಗೂ ಇಂಥದ್ದೇ ಕಂಡಿತ್ತು: ಹೋರಾಟ ಒಂದೇ ತೀವ್ರತೆಯದಾಗಿದ್ದರೂ, ತಮ್ಮ ಸಾರ್ಜೆಂಟ್ ಒಳ್ಳೆಯವನು ಎನ್ನುವ ಸೈನಿಕರಲ್ಲಿ ಮಾನಸಿಕ ತೊಂದರೆ ಕಡಿಮೆ. ಅಂದಮೇಲೆ ಈ ಕೋರ್ಸಿನ ನಿಜವಾದ ವಿದ್ಯಾರ್ಥಿ ಸಿಪಾಯಿಯಲ್ಲ, ಅವನ ನೇರ ಮೇಲಿನವನು.

ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯ ಏಮಿ ಆಡ್ಲರ್ ಮತ್ತು ಸಹೋದ್ಯೋಗಿಗಳು ಇದೇ ಎಳೆ ಹಿಡಿದು ನಿದ್ರೆಯ ಕಡೆ ತಿರುಗಿದರು. ಹುಡುಗರು ಸರಿಯಾಗಿ ಮಲಗಿದರೇ ಎಂದು ನಾಯಕ ಕೇಳುತ್ತಾನೆಯೇ, ಪಾಳಿ ಹಾಕುವಾಗ ಅವರ ನಿದ್ರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆಯೇ, ತಾನೂ ಮಲಗಿ ಮೇಲ್ಪಂಕ್ತಿ ಹಾಕುತ್ತಾನೆಯೇ ಎಂದು ಅಳೆಯುವುದು ಅವರ ಕ್ರಮ. ನಿದ್ದೆಗೆಡುವುದೇ ಗಂಡಸುತನವೆಂದು ಮೆರೆದ ಸೇನೆ 2020ರಲ್ಲಿ ಹೊರತಂದ ದೇಹದಾರ್ಢ್ಯದ ಕೈಪಿಡಿಯಲ್ಲಿ ನಿದ್ರೆಗೂ ಪ್ರತ್ಯೇಕ ಅಧ್ಯಾಯವಿದೆ. ರಾತ್ರಿ ನಿದ್ದೆ ಕೆಟ್ಟವರು ಹಗಲು ಒಂದು ಕೋಳಿನಿದ್ದೆ ಹೊಡೆಯಬಹುದು ಎಂಬ ಅಪ್ಪಣೆಯೂ ಅದರಲ್ಲಿದೆ.